ಚೈತ್ರಾ ಒಪ್ಪದ ಅರವತ್ತೊಂದು ಅಂಕ

ಕೊರೋನಾ ಮುಗಿದು ಶಾಲೆಗಳು ಮೊದಲಿನಂತೆ ನಡೆಯತೊಡಗಿದ ಮಾರನೆಯ ವರ್ಷ. ಬಂಗಾರಪೇಟೆ ತಾಲ್ಲೂಕಿನಲ್ಲಿ ನಾನು ವಿಶೇಷ ಶಿಕ್ಷಕಿ. ಕಲಿಕೆಯಲ್ಲಿ ತೊಡಕಿರುವ ಮಕ್ಕಳನ್ನು ಗುರುತಿಸಿ, ಅವರ ಶಾಲೆಗೇ ಹೋಗಿ ಕಲಿಸುವುದು ನನ್ನ ಕೆಲಸ. ಹದಿನೆಂಟು ವರ್ಷದ ಅನುಭವ. ನನಗೆ ತಿಳಿಯದ್ದಿಲ್ಲ ಎಂಬ ಜಂಬಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು.

ಬೂದಿಕೋಟೆ ಕಡೆಯ ಪ್ರೌಢಶಾಲೆಯೊಂದರಲ್ಲಿ ಚೈತ್ರಾ ಹತ್ತನೇ ತರಗತಿ ಓದುತ್ತಿದ್ದಳು. ಒಮ್ಮೆ ಕೇಳಿದ ಪಾಠವನ್ನು ಮರೆಯದ ಹುಡುಗಿ, ಪುಸ್ತಕ ತೆರೆದರೆ ಬೆವರುತ್ತಿದ್ದಳು. ಮನೆಮಾತು ತೆಲುಗು, ಅದಕ್ಕೇ ಕನ್ನಡ ಹತ್ತುತ್ತಿಲ್ಲ ಎಂದು ಒಂಬತ್ತು ವರ್ಷ ಎಲ್ಲರೂ ಕೈತೊಳೆದುಕೊಂಡಿದ್ದರು. ನನಗೆ ಡಿಸ್ಲೆಕ್ಸಿಯಾ ಇರಬಹುದೆನ್ನಿಸಿತು: ಬುದ್ಧಿ ಚೆನ್ನಾಗಿಯೇ ಇರುತ್ತದೆ, ಅಕ್ಷರ ಮಾತ್ರ ಸುಲಭಕ್ಕೆ ಕೂಡಿಬರುವುದಿಲ್ಲ. ಡಾಕ್ಟರರೂ ಅದನ್ನೇ ಹೇಳಿ ಪ್ರಮಾಣಪತ್ರ ಕೊಟ್ಟರು. ಎಸ್ಸೆಸ್ಸೆಲ್ಸಿಗೆ ಸ್ಕ್ರೈಬ್ ಅನುಮತಿ ತಂದೆ. ಸ್ಕ್ರೈಬ್ ಎಂದರೆ ಪ್ರಶ್ನೆ ಓದಿಹೇಳಿ, ಅಭ್ಯರ್ಥಿಯ ಉತ್ತರವನ್ನು ಬರೆದುಕೊಡುವವರು. ಒಂಬತ್ತನೇ ತರಗತಿಯ ಜಾಣೆ ಸೌಮ್ಯಳನ್ನು ಆರಿಸಿದೆ.

ಪೂರ್ವಸಿದ್ಧತಾ ಪರೀಕ್ಷೆಯ ವಿಜ್ಞಾನದಲ್ಲಿ ಎಂಬತ್ತಕ್ಕೆ ಅರವತ್ತೊಂದು ಬಂತು! ಮುಖ್ಯೋಪಾಧ್ಯಾಯರು ಹುಡುಗಿಯನ್ನು ಬಿಟ್ಟು ನನ್ನನ್ನು ಹೊಗಳಿದರು. ನಾನೂ ಬೀಗಿದೆ. ಚೈತ್ರಾ ಮಾತ್ರ ಉತ್ತರಪತ್ರಿಕೆಯನ್ನು ನನ್ನಿಂದ ಓದಿಸಿ ಕೇಳಿಸಿಕೊಂಡು ಮುಖ ಇಳಿಸಿದಳು.

“ಈ ಮಾರ್ಕು ನಂದಲ್ಲ ಮಿಸ್. ರಾಸಾಯನಿಕ ಬದಲಾವಣೆಗೆ ಆಲು ಎಪ್ಪಾಗಿ ಮೊಸರಾಗೋದು ಅಂದೆ, ಅದೂ ಸರೀನೇ, ಆದ್ರೂ ಅವ್ಳು ಕಬ್ಬಿಣ ತುಕ್ಕಿಡಿಯೋದು ಅಂತ ಬರ್ದವ್ಳೆ. ರಕ್ತ ಸೋಸೋದು ಗುಂಡಿಗೆ ಅಂದೆ, ಮೂತ್ರಪಿಂಡ ಅಂತ ಬರ್ದವ್ಳೆ. ನಾನ್ ಪರೀಕ್ಷೆಗೆ ಬರಲ್ಲ.”

ಜೊತೆಗಿದ್ದ ಅವಳ ತಾಯಿ ಗದರಿದರು: “ಮಾರ್ಕು ಬಂತಲ್ಲ, ಸುಮ್ಕಿರೇ. ಮನೆಗ್ ಬಂದ ಲಕ್ಷ್ಮೀನ ಕಾಲಲ್ಲಿ ಒದೀತಾಳೆ!”

ನಿಜ ಹೇಳುತ್ತೇನೆ, ನನಗೂ ಅರೆಗಳಿಗೆ ಹಾಗೇ ಅನ್ನಿಸಿತು. ಪರೀಕ್ಷೆಗೆ ಐದೇ ವಾರ. ಇವಳು ಕೂರದಿದ್ದರೆ ಹತ್ತು ವರ್ಷದ ಓದು ನೀರಲ್ಲಿ ಹೋಮ.

“ಪಾಸಾದ್ರೂ ಸೌಮ್ಯ ಪಾಸಾದಂಗೆ. ನಾನು ದಡ್ಡಿ ದಡ್ಡೀನೇ ಅಲ್ವಾ ಮಿಸ್?” ಎಂದಳು ಚೈತ್ರಾ.

ನಾಚಿಕೆಯಿಂದ ತಲೆ ತಗ್ಗಿಸಿದೆ. ಸೌಮ್ಯಳನ್ನು ಕರೆಸಿ ಕೇಳಿದರೆ ಅವಳು ಅತ್ತೇಬಿಟ್ಟಳು. “ತಪ್ಪು ಅಂತ ಗೊತ್ತಿದ್ದೂ ಎಂಗ್ ಬರೀಲಿ ಮಿಸ್? ಚೈತ್ರಕ್ಕ ಫೇಲಾಗ್ಬಿಡ್ತಾಳೆ.” ಅವಳ ತಪ್ಪೇನಿರಲಿಲ್ಲ. ಚೈತ್ರಾಳಿಗೆ ನಾಲ್ಕು ತಿಂಗಳು ತಯಾರಿ ಕೊಟ್ಟ ನಾನು, ಬರೆಯುವವಳಿಗೆ ಅರ್ಧ ದಿನವನ್ನೂ ಕೊಟ್ಟಿರಲಿಲ್ಲ.

ಉಳಿದ ಶನಿವಾರಗಳಲ್ಲಿ ಇಬ್ಬರನ್ನೂ ಕೂರಿಸಿದೆ. ಚೈತ್ರಾ ಹೇಳಬೇಕು, ಸೌಮ್ಯ ಅದನ್ನೇ ತಿರುಗಿ ಒಪ್ಪಿಸಬೇಕು, ಚೈತ್ರಾ “ಊಂ, ಬರಿ” ಎಂದ ಮೇಲಷ್ಟೇ ಪೆನ್ನು ಕಾಗದಕ್ಕೆ ತಾಗಬೇಕು. ಚೈತ್ರಾಳಿಂದ ಬೇಕೆಂದೇ ತಪ್ಪು ಉತ್ತರ ಹೇಳಿಸುತ್ತಿದ್ದೆ. ಮೊದಲ ದಿನ ಸೌಮ್ಯಳ ಕೈಯೇ ಓಡಲಿಲ್ಲ. ಮೂರನೆಯ ಶನಿವಾರದ ಹೊತ್ತಿಗೆ ಹಲ್ಲು ಕಚ್ಚಿಕೊಂಡು ಬರೆದಳು. ಅಂದು ಚೈತ್ರಾ ತಾನಾಗಿಯೇ, “ಪರೀಕ್ಷೆಗೆ ಬತ್ತೀನಿ ಮಿಸ್” ಎಂದಳು.

ಫಲಿತಾಂಶದ ದಿನ ಅವಳ ತಾಯಿಯ ಫೋನ್. ಎಲ್ಲದರಲ್ಲೂ ಪಾಸು, ವಿಜ್ಞಾನದ ಪತ್ರಿಕೆಯಲ್ಲಿ ಮೂವತ್ತನಾಲ್ಕು.

“ಅವತ್ತು ಅರವತ್ತೊಂದಿತ್ತಲ್ಲ, ಇನ್ನಿಪ್ಪತ್ತೇಳು ಎಲ್ಲೋಯ್ತು ಮಿಸ್?” ಎಂದು ಅವರು ಕೇಳುತ್ತಿರುವಾಗಲೇ ಹಿಂದಿನಿಂದ ಚೈತ್ರಾ ನಗುತ್ತಾ ಕೂಗಿದಳು: “ಅದು ಸೌಮ್ಯಂದು ಕಣಮ್ಮಾ, ವಾಪಸ್ ಕೊಟ್ಬಿಟ್ಟೆ!”

ಅಂದಿನಿಂದ ಪರೀಕ್ಷೆ ಬಂತೆಂದರೆ ನನ್ನ ಮೊದಲ ಪಾಠ ಸ್ಕ್ರೈಬ್‌ಗಳಿಗೆ. ಮಗುವಿನ ತಪ್ಪನ್ನು ನಾವು ಕಸಿದುಕೊಂಡರೆ, ಅದರ ಸರಿ ಉತ್ತರವೂ ಅದರದ್ದಾಗಿ ಉಳಿಯುವುದಿಲ್ಲ.