ಲಾರಿ ಇಳಿದ ಮೇಲೆ ಹಾಕಿಸೋಣ

ಚಿಕ್ಕಪ್ಪನ ಹೆಂಡತಿ, ನಮ್ಮ ಕಾಕಿಯ ಎರಡೂ ಮುಂಗೈಗಳ ಮೇಲೆ ಕಬ್ಬಿನ ರವದಿಯ ಒಣ ಗರಿಗಳು ಗೀರಿದ ಸಣ್ಣ ಸಣ್ಣ ಬಿಳಿ ಗೆರೆಗಳಿದ್ದವು. ಬೆವರು ತಾಗಿದರೆ ಉರಿಯುತ್ತಿದ್ದವು. ಆಗ ಕೈ ಕೊಡವುತ್ತ, ಎದುರಿಗೆ ಯಾರಿದ್ದರೋ ಅವರನ್ನೇ ಬೈಯುತ್ತಿದ್ದಳು. ಭಾತಂಬ್ರಾದ ನಮ್ಮ ಓಣಿಯಲ್ಲಿ ಆಕೆಯ ಬಾಯಿಗೆ ಹೆದರದವರಿಲ್ಲ, ಆಕೆಯ ಮಾತಿಗೆ ನಗದವರಿಲ್ಲ.

ಮದುವೆಯಾಗಿ ಎಷ್ಟೋ ವರ್ಷಕ್ಕೆ ಗಂಡುಕೂಸು ಹುಟ್ಟಿತ್ತು. "ಸಾಹೇಬ್ರು ಮಲಗ್ಯಾರ, ಯಾರೂ ಕೆಮ್ಮಬ್ಯಾಡ್ರಿ" ಎಂದು ನಮ್ಮನ್ನು ಗದರುತ್ತಿದ್ದಳು. ಆ ವರ್ಷ ಮಳೆ ಕೈಕೊಟ್ಟಿತು. ಓಣಿಯ ಅರ್ಧ ಮನೆಗಳಿಗೆ ಬೀಗ ಬಿತ್ತು. ಕಾಕಾನೂ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವುದೆಂದಾಯಿತು.

ಕೂಸಿಗೆ ಒಂಬತ್ತು ತಿಂಗಳು ತುಂಬಲು ಇನ್ನೂ ಕೆಲವು ದಿನ ಬೇಕಿತ್ತು. ದಡಾರದ ಲಸಿಕೆ ಹಾಕುವುದು ಆಮೇಲೆಯೇ. "ಇವತ್ತೇ ಹಾಕಿಬಿಡ್ರಿ ಬಾಯಿ, ನಾಳಿ ನಾವು ಊರಾಗ ಇರಂಗಿಲ್ರಿ" ಎಂದು ಕಾಕಿ ನರ್ಸಬಾಯಿಯ ಸೆರಗು ಹಿಡಿದಳು. ತಿಂಗಳು ತುಂಬದೆ ಹಾಕಲು ಬರುವುದಿಲ್ಲ, ಹೋದಲ್ಲೇ ಹಾಕಿಸಿ ಎಂದರು ಅವರು.

"ನಾ ಉಳೀತೇನಿ. ಸೂಜಿ ಹಾಕಿಸ್ಕೊಂಡು ಹಿಂದಿಂದ ಬರ್ತೇನಿ" ಎಂದು ಮನೆಯಲ್ಲಿ ಹಟ ಹಿಡಿದಳು. ಆದರೆ ಕಬ್ಬಿನ ಕೆಲಸದಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿದರೇ ಒಂದು 'ಕೊಯ್ತಾ', ಅಂದರೆ ಒಂದು ಕುಡುಗೋಲು. ಒಂಟಿ ಆಳನ್ನು, ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಗಾಡಿ ಹತ್ತಿಸುವುದಿಲ್ಲ.

"ನೀ ಇಲ್ಲಂದ್ರ ನಾ ಅರ್ಧ ಆಳು" ಎಂದ ಕಾಕಾ.

"ಅರ್ಧ ಎಲ್ಲೀದು? ನೀ ಪಾವ್ ಆಳೂ ಅಲ್ಲ" ಎಂದು ನಕ್ಕು, ಗಂಟು ಕಟ್ಟಿದಳು.

ಮುಂದಿನದನ್ನು ಕಾಕಿಯೇ ನನಗೆ ಎಷ್ಟೋ ಸಲ ಹೇಳಿದ್ದಾಳೆ. ತಿಂಗಳು ತುಂಬಿದ ಮೇಲೆ ಒಂದು ಸಂಜೆ ಅವರ ಗುಡಿಸಲಿನ ಹತ್ತಿರವೇ ಲಸಿಕೆಯವರು ಬಂದರು. ಮರುದಿನ ಟೋಳಿಯೆಲ್ಲ ಲಾರಿ ಹತ್ತಿ ಮುಂದಿನ ಊರಿಗೆ ಹೋಗಬೇಕಿತ್ತು. ಹಿಂದಿನ ಸೂಜಿಗೆ ಕೂಸಿನ ಮೈ ಕೆಂಡದಂತೆ ಸುಟ್ಟಿತ್ತು. ತೆರೆದ ಲಾರಿಯಲ್ಲಿ, ಆ ಚಳಿಗಾಳಿಯಲ್ಲಿ ಜ್ವರ ಬಂದರೆ ಹೇಗೆ? ಕಾಕಾ ಆಕೆಯ ಮುಖ ನೋಡಿದ. "ಲಾರಿ ಇಳದ ಮ್ಯಾಲೆ ಹಾಕಿಸೋಣು" ಎಂದಳು ಕಾಕಿ. ಸೆರಗು ಹಿಡಿದು ಬೇಡಿದ್ದ ಸೂಜಿ ಬಾಗಿಲಿಗೇ ಬಂದಾಗ ತಾನೇ ಹಿಂದಕ್ಕೆ ಕಳಿಸಿದಳು.

ಇಳಿದ ಕಡೆ ಲಸಿಕೆಯವರು ಯಾರೂ ಬರಲಿಲ್ಲ. ದಡಾರ ಬಂತು. "ಅವ್ವ ಬಂದಾಳ" ಎಂದು, ದಡಾರವನ್ನು ದೇವಿಯೆಂದೇ ನಂಬಿದ ಟೋಳಿಯ ಹಿರಿಯರು ಬೇವಿನ ಸೊಪ್ಪು ಕಟ್ಟಿಸಿದರು. ಕೂಸಿಗೆ ಮೇಲುಸಿರು ಹತ್ತಿದ ಮೇಲೆ ದವಾಖಾನೆಗೆ ಓಡಿದರು, ದಾರಿಯಲ್ಲೇ ಹೋಯಿತು. ಕಬ್ಬಿನ ಬದುವಿನಲ್ಲಿ ಮಣ್ಣು ಮಾಡಿ, ಮರುದಿನ ಇಬ್ಬರೂ ಕೊಯ್ತಾ ಹಿಡಿದು ನಿಂತರು. ಆ ಊರಿನ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಮುಂದೆ ಅವರಿಗೆ ಮಕ್ಕಳಾಗಲಿಲ್ಲ.

ಕಾಕಿ ಈಗಿಲ್ಲ. ತೀರಿಕೊಳ್ಳುವ ಹಿಂದಿನ ವರ್ಷ ಬೀದರಿನ ನನ್ನ ಮನೆಗೆ ಬಂದಿದ್ದಳು. ನನ್ನ ಮಗಳಿಗೆ ಆಗಷ್ಟೇ ಒಂಬತ್ತು ತಿಂಗಳು ತುಂಬಿತ್ತು. ಔರಾದಿನಲ್ಲಿ ಮದುವೆಯಿದೆ, ಮುಗಿಸಿ ಬಂದು ಲಸಿಕೆ ಹಾಕಿಸೋಣ ಎಂದು ನಾನೂ ನನ್ನ ಗಂಡನೂ ಮಾತಾಡುತ್ತಿದ್ದೆವು. ಕಾಕಿ ತಟ್ಟನೆ ಎದ್ದಳು. ಮಗಳನ್ನು ಎತ್ತಿಕೊಂಡು, ನನ್ನ ಕೈ ಹಿಡಿದು ಎಳೆದುಕೊಂಡು ದವಾಖಾನೆಗೆ ನಡೆದೇಬಿಟ್ಟಳು.

ಮಗಳಿಗೆ ಜ್ವರ ಬಂತು. ಕಾಕಿ ತೊಡೆಯಿಂದ ಇಳಿಸಲಿಲ್ಲ. ಜ್ವರ ಬಿಟ್ಟ ಮೇಲೆ ಮಗಳು ಬೆವೆತು, ಕಣ್ಣು ತೆರೆದು, ಆಕೆಯ ಬಳೆ ಎಳೆದು ಆಡತೊಡಗಿದಳು. ಕಾಕಿ ಅವಳನ್ನೇ ನೋಡುತ್ತ ಕೂತಳು.

"ಇಷ್ಟೇ ಏನವಾ? ಇಷ್ಟಕ್ಕ ಅಂಜಿದ್ನೇನ್ ನಾ?"

ನಾನು ಚಹಾ ತಂದಿಟ್ಟೆ. ಮಗಳನ್ನು ನನ್ನ ಕೈಗಿಟ್ಟು, ಚಹಾ ಕೂಡ ಮುಟ್ಟದೆ, ಊರಿಗೆ ಹೋಗಲು ಭಾಲ್ಕಿ ಬಸ್ಸಿಗೆ ಹೊರಟುಬಿಟ್ಟಳು.