ಎಳ್ಳುನೀರು ಬೇಡವೆಂದ ಬಾಯಿಯವರು

ಮೊನ್ನೆ ನಮ್ಮ ಲ್ಯಾಬಿಗೆ ಬಂದ ರಕ್ತದ ನಳಿಕೆಯೊಂದರ ಮೇಲೆ ನನ್ನೂರು ಚಿತ್ತಾಪುರದ ಹೆಸರು ಬರೆದಿತ್ತು. ಹೈದರಾಬಾದಿನ ಈ ಲ್ಯಾಬಿನಲ್ಲಿ ನನ್ನ ಕೆಲಸ ಇಷ್ಟೇ: ರಕ್ತದ ಕ್ಯಾನ್ಸರ್ ಆದವರ ಮೈಯಲ್ಲಿ ಆ ರೋಗವನ್ನು ಗುರುತು ಹಿಡಿಯುವ ಕಾವಲು ಕಣಗಳು ಉಳಿದಿವೆಯೇ ಎಂದು ಹುಡುಕುವುದು. ಸಿಕ್ಕರೆ, ಮುಂದೊಂದು ದಿನ ಅವರವರ ಮೈಗೆ ತಕ್ಕ ಚಿಕಿತ್ಸೆ ಕೊಡಬಹುದೆಂಬ ಆಸೆ. ನಳಿಕೆ ಹಿಡಿದು ನಿಂತಲ್ಲೇ ನಿಂತುಬಿಟ್ಟೆ. ಊರಿನಲ್ಲಿ ಪಕ್ಕದ ಮನೆಯಲ್ಲಿದ್ದ ಬಾಯಿಯವರು ನೆನಪಾದರು. ಹಿಂದೆಯೇ ಅವರ ತಮ್ಮನೂ ನೆನಪಾಗಿ ಮೈ ಉರಿಯಿತು.

ನಮ್ಮ ಕಡೆ ಟೀಚರಮ್ಮನಿಗೆ ಬಾಯಿ ಎನ್ನುತ್ತೇವೆ. ಗಂಡ ಬೇಗ ತೀರಿದ್ದರು, ಮಕ್ಕಳಿರಲಿಲ್ಲ. ಮಡಿಯ ಮನೆಯಾದರೂ ಲಿಂಗಾಯತರ ಹುಡುಗಿಯಾದ ನನ್ನನ್ನು ಅಡುಗೆಮನೆಯಲ್ಲೇ ಕೂರಿಸಿಕೊಂಡು ಸೈನ್ಸ್ ಹೇಳಿಕೊಟ್ಟವರು. ಒಗ್ಗರಣೆ ಹಾಕುತ್ತಲೇ ಪಾಠ, ತಪ್ಪಿದರೆ ಸೌಟಿನಿಂದಲೇ ಒಂದು...

ಅವರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ ಉಳಿದಿದ್ದು ಒಂದೇ ದಾರಿ. ಸೇಡಂನಲ್ಲಿ ಗುಡಿಯ ಪೂಜೆ ಮಾಡಿಕೊಂಡಿದ್ದ ತಮ್ಮನ ರಕ್ತ ಪೂರ್ತಿ ಹೊಂದಿತ್ತು. ಅವನ ಎಲುಬಿನ ಮಜ್ಜೆ ಕೊಟ್ಟರೆ ಅದರಿಂದ ಹುಟ್ಟುವ ಕಣಗಳು ರೋಗವನ್ನು ಹುಡುಕಿ ಕೊಲ್ಲುತ್ತವೆ ಎಂದರು ಡಾಕ್ಟರು. ನನ್ನ ಮೈಯೊಳಗಿನ ಪೊಲೀಸರು ಕಳ್ಳನ ಜೊತೆ ಚಹಾ ಕುಡಿಯುತ್ತ ಕೂತಿದ್ದಾರೆ, ಸೇಡಂನಿಂದ ಕರೆಸಬೇಕು ಎಂದು ಬಾಯಿಯವರು ನಗಾಡಿದರು.

ನಾನೇ ಸೇಡಂಗೆ ಹೋದೆ. ಅವನು ಗುಡಿಯ ಕಟ್ಟೆಯಿಂದ ಇಳಿಯಲೇ ಇಲ್ಲ.

"ಎಲುಬಿಗೆ ಸೂಜಿ ಚುಚ್ಚಿದ ಮ್ಯಾಲ ಮೈ ಊನ ಆಗ್ತದ. ದೇವರನ್ನ ಹ್ಯಾಂಗ ಮುಟ್ಟಲಿ?"

ಕೆಲವು ದಿನ ನೋವಿರುತ್ತದೆ, ಮಜ್ಜೆ ಮತ್ತೆ ತುಂಬಿಕೊಳ್ಳುತ್ತದೆ ಎಂದು ಕೈ ಮುಗಿದು ಹೇಳಿದೆ. ತೀರ್ಥ ಕೊಟ್ಟು ಕಳಿಸಿದ. ಮರುವರ್ಷ ಇದೇ ಮನುಷ್ಯ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು, ಹೊಲಿಗೆ ಮಾಯುತ್ತಲೇ ಗರ್ಭಗುಡಿ ಹೊಕ್ಕ! ಆಗ ದೇವರಿಗೆ ಯಾವ ಊನವೂ ಕಾಣಲಿಲ್ಲವೇನೋ.

ಕೊನೆಯ ವಾರ, ನೋಡಲು ಬಂದಿದ್ದ ಶಾಲೆಯವರ ಎದುರಿಗೇ ಬಾಯಿಯವರು ನನ್ನ ಕೈ ಹಿಡಿದರು.

"ಎಲುಬಿನಾಗಿಂದು ಕೊಡಲಿಕ್ಕೆ ಒಲ್ಲೆ ಅಂದಾನ. ಅವನ ಕೈಲಿಂದ ನನಗ ಎಳ್ಳುನೀರು ಬ್ಯಾಡ. ನೀನ ನೋಡ್ಕೋಬೇಕವಾ."

ಬಾಯಿಯವರು ತೀರಿದ ದಿನ ಕಾಗಿಣಾ ಹೊಳೆಯ ದಂಡೆಗೆ ಅವನು ದರ್ಭೆಯ ಉಂಗುರ ತೊಟ್ಟೇ ಬಂದ. ನಾನು ಅಡ್ಡ ನಿಂತೆ. ಹಿರಿಯರು ಗೊಣಗಿದರು, ಹೆಡ್‌ಮಾಸ್ತರರು ಬಾಯಿಯವರ ಮಾತನ್ನು ತಾವೂ ಕೇಳಿದ್ದಾಗಿ ಹೇಳಿದ ಮೇಲೆ ಸುಮ್ಮನಾದರು. ನಮ್ಮಲ್ಲಿ ಹೂಳುವುದು ರೂಢಿ. ಕೊಳ್ಳಿ ಹೇಗೆ ಹಿಡಿಯಬೇಕೆಂದೂ ನನಗೆ ಗೊತ್ತಿರಲಿಲ್ಲ. ಆದರೂ ನಾನೇ ಇಟ್ಟೆ. ಅವನು ದೂರದಲ್ಲಿ ಉಂಗುರ ಬಿಚ್ಚುವುದನ್ನು ಕಣ್ಣು ತುಂಬ ನೋಡಿದೆ. ಹಾಯೆನಿಸಿತು, ಸುಳ್ಳೇಕೆ ಹೇಳಲಿ.

ಈಗ ಪ್ರತಿ ಪಿತೃಪಕ್ಷಕ್ಕೆ ಸೇಡಂನಿಂದ ಫೋನು ಬರುತ್ತದೆ. ಅಕ್ಕ ಕನಸಿಗೆ ಬಂದು ಮಾತಾಡದೆ ಹೋಗುತ್ತಾಳಂತೆ. ಎಳ್ಳುನೀರು ಬಿಡಲು ಒಮ್ಮೆ ಹೂಂ ಅನ್ನು ಎಂದು ಗೋಗರೆಯುತ್ತಾನೆ. ಬಾಗಿಲು ಹಾಕಿಕೊಂಡು ಅವನೇ ಎಳ್ಳುನೀರು ಬಿಟ್ಟರೆ ತಡೆಯುವವರು ಯಾರು? ಅಷ್ಟು ಧೈರ್ಯ ಅವನಿಗಿಲ್ಲ. ನಾನು ಒಲ್ಲೆ ಎನ್ನುತ್ತೇನೆ. ಈ ಸಲವೂ ಅಂದೆ. ಮುಂದಿನ ಸಲವೂ ಅನ್ನುವವಳೇ.

ಫೋನಿಟ್ಟ ಮೇಲೆ ಬಹಳ ಹೊತ್ತು ಅತ್ತೆ. ನನ್ನ ಹತ್ತಿರ ಬಾಯಿಯವರ ಮಾತು ಎತ್ತುವವರು ಈಗ ಅವನೊಬ್ಬನೇ ಉಳಿದಿದ್ದಾನೆ.