ಕಂಬದ ಮೇಲೆ ಕರೆಂಟಮ್ಮ

...ಹಾಂ, ಚಿಕ್ಕಮ್ಮನ ಗ್ಲೌಸಿನ ವಿಷಯ ಹೇಳುತ್ತಿದ್ದೆನಲ್ಲ, ಅದನ್ನು ಪೂರ್ತಿ ಕೇಳಿ. ಈ ಸಲ ರಜೆಗೆ ಊರಿಗೆ ಹೋದಾಗ ಎಂಥಾ ಬಿಸಿಲು ಅಂತೀರಿ! ಬಸ್ಸಿಳಿದರೆ ಚಪ್ಪಲಿ ಟಾರಿಗೆ ಅಂಟುತ್ತಿತ್ತು. ನಲ್ಲಿ ತಿರುಗಿಸಿದರೆ ಬಿಸಿನೀರು. ಊರಿಗೆ ಊರೇ ಫ್ಯಾನು, ಕೂಲರು ಹಾಕಿಕೊಂಡು ಕೂತಿತ್ತು, ದಿನಕ್ಕೊಂದು ಕಡೆ ತಂತಿ ಸುಟ್ಟುಹೋಗುತ್ತಿತ್ತು. ಅದನ್ನೆಲ್ಲ ಸರಿಮಾಡುವವಳು ನಮ್ಮ ಚಿಕ್ಕಮ್ಮ, ಅಮ್ಮನ ತಂಗಿ. ಲೈನ್‌ಮ್ಯಾನ್ ಕೆಲಸ. ಊರವರ ಬಾಯಲ್ಲಿ ಕರೆಂಟಮ್ಮ.

ಕಂಬ ಹತ್ತುವ ಮೊದಲು ಅವಳು ಟ್ರಾನ್ಸ್‌ಫಾರ್ಮರಿನ ಫ್ಯೂಸು ಕಿತ್ತು ತನ್ನ ಜೇಬಿಗೇ ಹಾಕಿಕೊಳ್ಳುತ್ತಾಳೆ. ಇನ್ನೊಬ್ಬರ ಕೈಗೆ ಕೊಡುವ ಮಾತೇ ಇಲ್ಲ. "ನನ್ನ ಜೀವ ನನ್ನ ಜೇಬಲ್ಲೇ ಇರ್ಲಿ" ಅನ್ನುತ್ತಾಳೆ.

ಅವತ್ತು ನಡುಮಧ್ಯಾಹ್ನ ನಮ್ಮ ಬೀದಿಯ ಕಂಬದಲ್ಲೇ ತಂತಿ ಸುಟ್ಟಿತು. ಮನೆಯಲ್ಲಿ ಅಜ್ಜಿಗೆ ಮೊದಲೇ ಉಬ್ಬಸ. ಚಿಕ್ಕಪ್ಪ ಪಕ್ಕದಲ್ಲಿ ಕೂತು ರಟ್ಟಿನಲ್ಲಿ ಗಾಳಿ ಹಾಕುತ್ತಿದ್ದರು. ನಾನು ಕಂಬದ ಬುಡದಲ್ಲಿ ಏಣಿ ಹಿಡಿದಿದ್ದೆ. ಸುತ್ತ ಜನ.

"ಕರೆಂಟಮ್ಮಾ, ಬೇಗ ಆಗ್ಲಿ, ಬಟ್ಟೆ ಬಿಟ್ಟು ನಾವೇ ಇಸ್ತ್ರಿ ಆಗ್ತಾ ಇದೀವಿ!" ಅಂದ ಇಸ್ತ್ರಿ ಅಂಗಡಿಯವನು.

"ಮೇಲೆ ಬಾರಪ್ಪ, ಇಲ್ಲಿ ಗಾಳಿ ಬಹಳ ಚೆನ್ನಾಗಿದೆ!"

ಟೆಸ್ಟರ್ ಇಟ್ಟು ನೋಡಿದಳು, ಉರಿಯಲಿಲ್ಲ. ಕೆಲಸ ಶುರು. ಆದರೆ ಗ್ಲೌಸಿನೊಳಗೆ ಬೆವರು ತುಂಬಿ ಬೋಲ್ಟು ಜಾರುತ್ತಿತ್ತು. ಬಲಗೈಯ ಗ್ಲೌಸು ಎಳೆದು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡಳು.

"ಚಿಕ್ಕಮ್ಮ, ಗ್ಲೌಸು!"

"ಸುಮ್ನಿರೋ, ಕೈ ಬೆಂದೋಗಿದೆ. ಲೈನು ಸತ್ತಿದೆ, ಈಗ ತಾನೇ ನೋಡಿದ್ನಲ್ಲ."

ಸುತ್ತಿಗೆಯಲ್ಲಿ ತಂತಿ ಹಿಡಿದಿಡುವ ಕ್ಲಾಂಪು ಬಡಿಯತೊಡಗಿದಳು. ಅಷ್ಟರಲ್ಲಿ ನಮ್ಮ ಮನೆ ಕಡೆಯಿಂದ ಡುಗುಡುಗು ಸದ್ದು. ಜನರೇಟರು! ಸದ್ಯ, ಅಜ್ಜಿಗೆ ಗಾಳಿ ಬಂತು ಅಂದುಕೊಂಡೆ. ತಿರುಗಿ ನೋಡಿದರೆ ವರಾಂಡದ ಬಲ್ಬು ಉರಿಯುತ್ತಿದೆ. ಫ್ಯಾನಿಗೊಂದೇ ಕೊಟ್ಟಿದ್ದರೆ ವರಾಂಡದಲ್ಲಿ ಯಾಕೆ ಉರಿಯಬೇಕು? ಚಿಕ್ಕಪ್ಪ ಜನರೇಟರಿನ ವೈರನ್ನು ಗೋಡೆಯ ಪ್ಲಗ್ಗಿಗೇ ಸಿಕ್ಕಿಸಿದ್ದಾರೆ. ಜನರೇಟರು ತಂದ ದಿನವೇ ಚಿಕ್ಕಮ್ಮ ಬಾಯಿ ಬಡಿದುಕೊಂಡಿದ್ದಳು: "ರೀ, ಮೇನ್ ಸ್ವಿಚ್ ಇಳಿಸದೆ ಹೀಗೆ ಹಚ್ಚಿದ್ರೆ ಕರೆಂಟು ಮನೆಯಿಂದ ವಾಪಸ್ ಕಂಬಕ್ಕೆ ಹೋಗುತ್ತೆ, ಮೇಲಿದ್ದೋರು ಹೋದ್ರು ಅಂತಾನೇ ಲೆಕ್ಕ."

ಸುತ್ತಿಗೆಯ ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸಿಲ್ಲ. ಸುತ್ತಿಗೆ ಬೆಲ್ಟಿಗೆ ಸೇರಿತು. ಬರಿಗೈ ತಂತಿ ಕಡೆಗೆ ಹೊರಟಿತು. ಕೂಗಿ ವಿವರಿಸುವಷ್ಟು ಹೊತ್ತಿಲ್ಲ. ಏಣಿಯನ್ನೇ ಹಿಡಿದು ಅಲ್ಲಾಡಿಸಿಬಿಟ್ಟೆ.

"ಏಯ್! ತಲೆ ಕೆಟ್ಟಿದ್ಯೇನೋ? ಬೀಳಿಸ್ತೀಯಾ?"

"ಮುಟ್ಬೇಡ! ಮನೇಲಿ ಜನರೇಟರು!"

ಕೈ ಅಲ್ಲೇ ನಿಂತಿತು. ಅವಳು ಗ್ಲೌಸಿದ್ದ ಎಡಗೈಯಿಂದ ಮೆಲ್ಲಗೆ ಟೆಸ್ಟರ್ ತೆಗೆದು ತಂತಿಗೆ ಇಟ್ಟಳು. ಕೆಂಪಗೆ ಉರಿಯಿತು. ಇಸ್ತ್ರಿಯವನು ಎರಡು ಹೆಜ್ಜೆ ಹಿಂದೆ ಸರಿದ.

ಓಡಿದೆ. ಚಿಕ್ಕಪ್ಪ ಫ್ಯಾನಿನ ಕೆಳಗೆ ಅಜ್ಜಿಯ ಬೆನ್ನು ನೀವುತ್ತ, "ನೋಡೋ, ಅತ್ತೆಗೆ ಎಷ್ಟು ಹಾಯಾಯ್ತು!" ಅಂದರು, ಮುಖದ ತುಂಬ ನಗು. ನಾನು ನೇರ ಹೋಗಿ ಜನರೇಟರು ಆರಿಸಿದೆ, ಮೇನ್ ಇಳಿಸಿದೆ.

"ಯಾಕೋ ನಿಲ್ಸಿದೆ?" ಅಜ್ಜಿ ಏದುಸಿರು ಬಿಟ್ಟಳು.

"ಚಿಕ್ಕಮ್ಮ ಕಂಬದ ಮೇಲಿದಾಳೆ, ಅಜ್ಜಿ."

ಚಿಕ್ಕಪ್ಪನ ನಗು ಹಾಗೇ ಇಳಿಯಿತು. ಗೋಡೆ ಹಿಡಿದು ಕೂತರು. "ನಾನೇ... ಅವಳನ್ನ..." ಅಂದರು. ಮೇನ್ ಇಳಿಸಿದ್ದೀನಿ, ಈಗ ಹಚ್ಚಬಹುದು ಅಂತ ಎಷ್ಟು ಹೇಳಿದರೂ ಜನರೇಟರ್ ಮುಟ್ಟಲೊಲ್ಲರು. ಮತ್ತೆ ರಟ್ಟನ್ನೇ ಹಿಡಿದರು. ಕರೆಂಟು ಬರುವ ತನಕ ಅಜ್ಜಿಯ ಒಂದೊಂದು ಉಸಿರನ್ನೂ ನಾವಿಬ್ಬರೂ ಕಾಯುತ್ತಿದ್ದೆವು.

ಚಿಕ್ಕಮ್ಮ ಎರಡೂ ಗ್ಲೌಸು ಹಾಕಿಕೊಂಡು ಕೆಲಸ ಮುಗಿಸಿಯೇ ಬಂದಳು. ಬಯ್ಯುತ್ತಾಳೆ ಅಂತ ಕಾದೆ. ಅವಳು ಒಂದು ಚೊಂಬು ನೀರು ಕುಡಿದು ಚಿಕ್ಕಪ್ಪನ ಎದುರು ಕೂತಳು.

"ನಾಳೆಯಿಂದ ನಾನು ಹತ್ತಿದಾಗ ನೀವು ಕಂಬದ ಕೆಳಗಿರಿ. ನನ್ನ ಕಣ್ಣೆದುರಿಗಿದ್ರೆ ನಂಗೆ ಧೈರ್ಯ."

"ಮತ್ತೆ ನಾನು?" ಅಂದಳು ಅಜ್ಜಿ.

"ನಿನ್ನ ಹತ್ರ ಈ ಏಣಿ ಅಲ್ಲಾಡಿಸೋನು ಇರ್ತಾನೆ."

ಆ ಕಡೆ ಹೋದರೆ ತಲೆಯೆತ್ತಿ ನೋಡಿ. ಕಂಬದ ಮೇಲೆ ಅವಳು, ಕೆಳಗೆ ಛತ್ರಿ ಹಿಡಿದು ಚಿಕ್ಕಪ್ಪ. ಖಂಡಿತ ಮಾತಾಡಿಸಿ ಬನ್ನಿ. ಆದರೆ ಅವಳು ಇಳಿದ ಮೇಲೆ, ಆಯ್ತಾ?